ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ್ರೆ ಮಕ್ಕಳು ಯಾರ ಹತ್ತಿರ ಇರ್ತಾರೆ? ತಾಯಂದಿರಿಗೆ ಗೊತ್ತಿರಬೇಕಾದ ಮಾಹಿತಿ

ಗಂಡ ಕುಡಿದು ಬಂದು ಹೊಡೀತಾನೆ ಅಂತ ಇಡೀ ಬೀದಿಗೆ ಗೊತ್ತಿರುತ್ತೆ. ಆದ್ರೂ ಆ ಹೆಂಗಸು ಮನೆ ಬಿಟ್ಟು ಬರಲ್ಲ. ಯಾಕಮ್ಮ ಅಂತ ಕೇಳಿದ್ರೆ ಬಹಳ ಸಲ ಬರೋ ಉತ್ತರ, “ಹೊಸ್ತಿಲು ದಾಟಿದ್ರೆ ಮಕ್ಕಳನ್ನ ಕೊಡಲ್ಲ ಅಂತಾರೆ.” ಮನೆಯವರು ಹೆದರಿಸೋದೂ ಇದನ್ನೇ ಹಿಡ್ಕೊಂಡು. “ಹೋಗೋದಾದ್ರೆ ಒಬ್ಬಳೇ ಹೋಗು, ಮಕ್ಕಳು ನಮ್ಮ ವಂಶದವು” ಅನ್ನೋ ಮಾತು ನಮ್ಮ ಕಡೆ ಹೊಸದೇನಲ್ಲ.

ಆ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಹೊಡೆತ ತಪ್ಪಿಸ್ಕೊಳ್ಳೋಕೆ ಮನೆ ಬಿಟ್ಟ ತಾಯಿ, ಬಿಟ್ಟಳು ಅನ್ನೋ ಒಂದೇ ಕಾರಣಕ್ಕೆ ಮಕ್ಕಳನ್ನ ಕಳ್ಕೊಳ್ಳಲ್ಲ. ಆದ್ರೆ ಹೊರಗೆ ಬಂದ ಮೇಲೆ ಸುಮ್ಮನೆ ಕೂರಬಾರದು, ಬೇಗ ಅರ್ಜಿ ಹಾಕಬೇಕು. ಎಲ್ಲಿ, ಹೇಗೆ ಅನ್ನೋದು ಇಲ್ಲಿದೆ. ನಿಮಗೆ ಬೇಡವಾದ್ರೆ ಬೇಕಾದವರಿಗೆ ತೋರಿಸಿ.

ಮಕ್ಕಳನ್ನ ಕರ್ಕೊಂಡು ಹೋದ್ರೆ ಅಪಹರಣ ಆಗುತ್ತಾ?

ಮಗು ಯಾರ ಹತ್ತಿರ ಇರಬೇಕು ಅಂತ ಕೋರ್ಟ್ ಆದೇಶ ಇಲ್ಲದಿರುವಾಗ, ತಾಯಿ ತನ್ನ ಮಗುವನ್ನ ಕರ್ಕೊಂಡು ತವರಿಗೋ ಅಕ್ಕನ ಮನೆಗೋ ಹೋಗೋದು ಸಾಮಾನ್ಯವಾಗಿ ಅಪಹರಣ ಆಗಲ್ಲ. ಆದೇಶ ಇದ್ದು ಅದನ್ನ ಮೀರಿದ್ರೆ ಮಾತ್ರ ಕಥೆ ಬೇರೆ.

ಇದು ಎರಡೂ ಕಡೆಗೆ ಅನ್ವಯ. ಮಕ್ಕಳನ್ನ ಅಲ್ಲೇ ಬಿಟ್ಟು ಬಂದು ಆಮೇಲೆ ಸ್ಟೇಷನ್‌ಗೆ ಹೋದ್ರೆ “ಅಪ್ಪನ ಹತ್ತಿರ ತಾನೇ ಇರೋದು, ಕೋರ್ಟಿಗೆ ಹೋಗಿ” ಅಂತಾರೆ. ಹಾಗಾಗಿ ಸಾಧ್ಯ ಆದ್ರೆ ಮಕ್ಕಳನ್ನ ಜೊತೆಗೇ ಕರ್ಕೊಂಡು ಬನ್ನಿ. ಜೀವಕ್ಕೆ ಅಪಾಯ ಇದ್ದು ಒಬ್ಬರೇ ಓಡಿ ಬಂದಿದ್ರೆ ಹಕ್ಕು ಹೋಯ್ತು ಅಂತಲ್ಲ. ಆದ್ರೆ ಅವತ್ತೇ ದೂರು ಕೊಡಿ. ತಿಂಗಳುಗಟ್ಟಲೆ ಬಿಟ್ರೆ “ಮಗು ಇಲ್ಲೇ ಹೊಂದ್ಕೊಂಡಿದೆ” ಅನ್ನೋ ವಾದಕ್ಕೆ ಬಲ ಬರುತ್ತೆ.

ಮೊದಲು ಹಾಕಬೇಕಾದ ಅರ್ಜಿ ಯಾವುದು?

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆ ಕಾಯ್ದೆ 2005. ಇದು ಎಲ್ಲಾ ಧರ್ಮದ ಹೆಣ್ಣುಮಕ್ಕಳಿಗೂ ಅನ್ವಯ. ಇದಕ್ಕೆ ಡಿವೋರ್ಸ್ ಕೇಸ್ ಹಾಕಿರಲೇಬೇಕು ಅಂತ ಇಲ್ಲ. ಹೊಡೆತ ಒಂದೇ ಅಲ್ಲ, ಬೈಗುಳ, ಬೆದರಿಕೆ, ಲೈಂಗಿಕ ಹಿಂಸೆ, ಮನೆ ಖರ್ಚಿಗೆ ದುಡ್ಡು ಕೊಡದೆ ಸತಾಯಿಸೋದು, ಎಲ್ಲವೂ ಇದರಲ್ಲಿ ದೌರ್ಜನ್ಯವೇ.

ಈ ಕಾಯ್ದೆಯ ಸೆಕ್ಷನ್ 21 ನೆನಪಿಟ್ಕೊಳ್ಳಿ. ಕೇಸ್ ನಡೀತಿರುವ ಯಾವುದೇ ಹಂತದಲ್ಲಿ ಮ್ಯಾಜಿಸ್ಟ್ರೇಟ್ ಮಕ್ಕಳನ್ನ ತಾತ್ಕಾಲಿಕವಾಗಿ ತಾಯಿಯ ಸುಪರ್ದಿಗೆ ಕೊಡಬಹುದು. ತಂದೆ ಬಂದು ನೋಡೋಕೆ ಸಮಯ ನಿಗದಿ ಮಾಡಬಹುದು. ಆ ಭೇಟಿಯಿಂದ ಮಗುವಿಗೆ ತೊಂದರೆ ಅಂತ ಕಂಡ್ರೆ ಭೇಟಿಯನ್ನೇ ನಿರಾಕರಿಸಬಹುದು.

ಅರ್ಜಿ ಸಿಕ್ಕ ದಿನದಿಂದ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸೋಕೆ ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ನಿಜಕ್ಕೂ ಅಷ್ಟು ಬೇಗ ಮುಗಿಯೋದು ಕಡಿಮೆ. ಅದಕ್ಕೇ ಮೊದಲ ದಿನವೇ ಸೆಕ್ಷನ್ 23ರಡಿ ಮಧ್ಯಂತರ ಆದೇಶ ಕೇಳಿ ಅಂತ ವಕೀಲರಿಗೆ ಹೇಳಿ. ತುರ್ತು ಇದ್ರೆ ಎದುರು ಪಾರ್ಟಿ ಬರೋ ಮೊದಲೇ ಆದೇಶ ಕೊಡೋ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ.

ತವರು ಬೇರೆ ತಾಲ್ಲೂಕಲ್ಲಿದ್ರೂ ಚಿಂತೆ ಬೇಡ. ನೀವು ತಾತ್ಕಾಲಿಕವಾಗಿ ಉಳ್ಕೊಂಡಿರೋ ಊರಿನ ಕೋರ್ಟಲ್ಲೂ ಈ ಅರ್ಜಿ ಹಾಕಬಹುದು.

ಇನ್ನೊಂದು ವಿಷಯ. ಹೊರಗೆ ಹೋಗಲೇಬೇಕಾದವರು ನೀವೇ ಅಂತ ಏನಿಲ್ಲ. ಮನೆ ಗಂಡನ ಹೆಸರಲ್ಲಿದ್ರೂ ಅಲ್ಲಿ ವಾಸ ಮಾಡೋ ಹಕ್ಕು ಹೆಂಡತಿಗಿದೆ. ಹೊಡೆಯೋನನ್ನೇ ಮನೆಯಿಂದ ಹೊರಗೆ ಹಾಕೋಕೆ ಕೋರ್ಟ್ ಆದೇಶ ಮಾಡಬಹುದು. ಅತ್ತೆ ಮಾವನ ಹೆಸರಲ್ಲಿರೋ ಮನೆಯೂ ಸಂದರ್ಭ ನೋಡಿ ಇದರೊಳಗೆ ಬರಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

“5 ವರ್ಷ ಆದ್ಮೇಲೆ ಮಗು ಅಪ್ಪಂದು” ಅನ್ನೋದು ನಿಜವಾ?

ಅರ್ಧ ಕೇಳಿಸ್ಕೊಂಡು ಹೇಳೋ ಮಾತು ಇದು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯಲ್ಲಿ, 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತಿದೆ. 5 ತುಂಬಿದ ತಕ್ಷಣ ತಂದೆಗೆ ಕೊಡಿ ಅಂತ ಎಲ್ಲೂ ಇಲ್ಲ. ಅದೇ ಕಾಯ್ದೆಯ ಸೆಕ್ಷನ್ 13 ಪ್ರಕಾರ ಎಲ್ಲಕ್ಕಿಂತ ದೊಡ್ಡದು ಮಗುವಿನ ಹಿತ. ಮುಸ್ಲಿಮರಲ್ಲಿ ಹನಫಿ ಪದ್ಧತಿಯಂತೆ ಗಂಡು ಮಗು 7 ವರ್ಷದವರೆಗೆ, ಹೆಣ್ಣು ಮಗು ಮೈನೆರೆಯುವವರೆಗೆ ತಾಯಿ ಹತ್ತಿರ. ಅಲ್ಲೂ ಕೋರ್ಟ್ ಕೊನೆಗೆ ನೋಡೋದು ಮಗುವಿನ ಹಿತವನ್ನೇ.

ಕಾಯಂ ಸುಪರ್ದಿ ಬೇಕು ಅಂದ್ರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಬೇರೆ ಅರ್ಜಿ ಹಾಕಬೇಕು. ಮಗು ಸಾಮಾನ್ಯವಾಗಿ ವಾಸ ಇರೋ ಜಾಗದ ಕುಟುಂಬ ನ್ಯಾಯಾಲಯದಲ್ಲಿ, ಅದಿಲ್ಲದ ಕಡೆ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಯಲ್ಲಿ ಇದು ನಡೆಯುತ್ತೆ. ಡಿವೋರ್ಸ್ ಕೇಸ್ ಇದ್ರೆ ಅಲ್ಲೇ ಕೇಳಬಹುದು. ತಿಳುವಳಿಕೆ ಬಂದ ವಯಸ್ಸಿನ ಮಗುವಾದ್ರೆ ನ್ಯಾಯಾಧೀಶರು ಅದರ ಇಷ್ಟವನ್ನೂ ಕೇಳ್ತಾರೆ. ಹೀಗೆ ಹೇಳು ಅಂತ ಮಗುವಿಗೆ ಬಾಯಿಪಾಠ ಮಾಡಿಸಬೇಡಿ. ಅದು ಗೊತ್ತಾಗಿಬಿಡುತ್ತೆ, ನಿಮಗೇ ತಿರುಗುತ್ತೆ.

“ನಿನಗೆ ಸಂಪಾದನೆ ಇಲ್ಲ, ಕೋರ್ಟ್ ಕೊಡಲ್ಲ” ಅಂತ ಹೆದರಿಸಿದ್ರೆ?

ದುಡ್ಡು ಒಂದನ್ನೇ ನೋಡಿ ಕೋರ್ಟ್ ಮಗುವನ್ನ ಕೊಡಲ್ಲ. ಮಗು ತಾಯಿ ಹತ್ತಿರ ಇದ್ರೂ ಅದರ ಖರ್ಚು ಕೊಡೋದು ತಂದೆಯ ಹೊಣೆ. 2005ರ ಕಾಯ್ದೆಯ ಸೆಕ್ಷನ್ 20ರಲ್ಲಿ ತಾಯಿಗೂ ಮಕ್ಕಳಿಗೂ ಜೀವನಾಂಶ ಕೇಳಬಹುದು. ಮೊದಲು 125 ಅಂತಿದ್ದ ಜೀವನಾಂಶದ ಕೇಸ್ 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಸೆಕ್ಷನ್ 144 ಆಗಿದೆ.

ಹೊಡೆಯೋ ಅಪ್ಪನ ನಡತೆ ಲೆಕ್ಕಕ್ಕೆ ಬರುತ್ತೆ. 2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಕೇಸ್ ಬಂತು. ತಾಯಿ ತೀರಿಕೊಂಡಿದ್ದಳು, ಅವಳ ಸಾವಿನ ಸಂಬಂಧ ತಂದೆ ಮೇಲೆ ಕ್ರಿಮಿನಲ್ ಕೇಸ್ ಇತ್ತು. ಕೆಳಗಿನ ಕೋರ್ಟುಗಳು ಮಗುವನ್ನ ತಂದೆಗೆ ಕೊಡಿ ಅಂದಿದ್ವು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಂಥ ಕೇಸನ್ನೂ ಮಗುವಿನ ಇಷ್ಟವನ್ನೂ ನೋಡದೆ ತೀರ್ಮಾನ ಮಾಡೋದು ತಪ್ಪು ಅಂತ ಹೇಳಿ ಮಗುವನ್ನ ತಾಯಿಯ ತಂದೆ ತಾಯಿ ಹತ್ತಿರವೇ ಉಳಿಸ್ತು.

ಪಂಚಾಯ್ತಿಯಲ್ಲಿ ಸಹಿ ಹಾಕೋ ಮೊದಲು

ಊರ ಯಜಮಾನರು ಕೂತು ರಾಜಿ ಮಾಡಿ, ಛಾಪಾ ಕಾಗದದ ಮೇಲೆ “ಮಕ್ಕಳನ್ನ ತಂದೆಗೆ ಬಿಟ್ಟಿದ್ದೇನೆ, ಮುಂದೆ ಕೇಳಲ್ಲ” ಅಂತ ಬರೆಸ್ಕೊಳ್ಳೋದುಂಟು. ಓದದೆ ಸಹಿ ಹಾಕಬೇಡಿ. ಹಾಕಿಬಿಟ್ಟಿದ್ರೂ ಎದೆಗುಂದಬೇಡಿ. ಅಂಥ ಕಾಗದ ಕೋರ್ಟಿನ ಕೈ ಕಟ್ಟಿಹಾಕಲ್ಲ, ಮಗುವಿನ ಹಿತ ಏನು ಅಂತ ಕೋರ್ಟೇ ನೋಡುತ್ತೆ. ಆದ್ರೂ ಎದುರಿನವರು ಅದನ್ನ ತೋರಿಸಿ ವಾದ ಮಾಡ್ತಾರೆ, ದಿನ ಎಳೆಯುತ್ತೆ. ಸಹಿ ಹಾಕದಿರೋದೇ ಒಳ್ಳೇದು.

ಹೊರಡೋ ಮೊದಲು ಎತ್ತಿಟ್ಟುಕೊಳ್ಳಬೇಕಾದ್ದು

- ಮಕ್ಕಳ ಜನನ ಪ್ರಮಾಣಪತ್ರ, ಆಧಾರ್, ತಾಯಿ ಕಾರ್ಡ್, ಲಸಿಕೆ ಕಾರ್ಡ್
- ಶಾಲೆಯ ಅಂಕಪಟ್ಟಿ, ಫೀ ರಸೀದಿ
- ನಿಮ್ಮ ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್, ಪಾಸ್‌ಬುಕ್, ಮದುವೆ ಫೋಟೋ ಅಥವಾ ಲಗ್ನಪತ್ರಿಕೆ
- ಗಾಯದ ಫೋಟೋ, ಆಸ್ಪತ್ರೆ ಚೀಟಿ, ಬೆದರಿಕೆ ಮೆಸೇಜ್ ಇರೋ ಫೋನ್ (ಮೆಸೇಜ್ ಅಳಿಸಬೇಡಿ, ಫೋನ್ ಮಾರಬೇಡಿ)
- ಗಂಡನ ಸಂಬಳ, ಜಮೀನು, ಅಂಗಡಿ ಬಗ್ಗೆ ಸಿಕ್ಕ ಕಾಗದದ ಫೋಟೋ

ಒಂದು ಸೆಟ್ ನಂಬಿಕಸ್ತರ ಮನೆಯಲ್ಲಿಡಿ. ಗಾಯ ಆಗಿದ್ರೆ ಸರ್ಕಾರಿ ಆಸ್ಪತ್ರೆಗೆ ಹೋಗಿ “ಬಿದ್ದೆ” ಅನ್ನದೆ ನಡೆದದ್ದನ್ನೇ ಹೇಳಿ ಬರೆಸಿ.

ಮಕ್ಕಳ ಸ್ಕೂಲ್ ಬಗ್ಗೆ ಭಯ ಬೇಡ. ಟಿಸಿ ತಂದಿಲ್ಲ ಅಂತ 1ರಿಂದ 8ನೇ ತರಗತಿಯ ಮಗುವಿಗೆ ದಾಖಲಾತಿ ತಡ ಮಾಡೋ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹೊಸ ಊರಲ್ಲಿ ಬೇಗ ಶಾಲೆಗೆ ಸೇರಿಸಿದ್ರೆ ಮಗು ಚೆನ್ನಾಗಿದೆ ಅನ್ನೋದಕ್ಕೆ ಅದೂ ಒಂದು ಸಾಕ್ಷಿ.

ತಾಲ್ಲೂಕಲ್ಲಿ ಯಾರ ಹತ್ತಿರ ಹೋಗೋದು?

ಸಿಡಿಪಿಓ ಕಚೇರಿ: ಅಂಗನವಾಡಿ ನೋಡ್ಕೊಳ್ಳೋ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸೋದು ಅವರ ಕೆಲಸ. ಕಚೇರಿಯಲ್ಲಿ ಇದನ್ನ ಡಿಐಆರ್ ಅಂತಾರೆ.

ತಾಲ್ಲೂಕು ಕಾನೂನು ಸೇವಾ ಸಮಿತಿ: ಕೋರ್ಟ್ ಆವರಣದಲ್ಲೇ ಇರುತ್ತೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನ ಉಚಿತವಾಗಿ ಕೊಡ್ತಾರೆ.

ಸಖಿ ಕೇಂದ್ರ: ಜಿಲ್ಲಾ ಮಟ್ಟದಲ್ಲಿ ಇರುತ್ತೆ. ಕೆಲವು ದಿನದ ಆಶ್ರಯ, ಚಿಕಿತ್ಸೆ, ಆಪ್ತ ಸಮಾಲೋಚನೆ, ಕಾನೂನು ಸಲಹೆ ಒಂದೇ ಕಡೆ ಸಿಗುತ್ತೆ.

ಪೊಲೀಸ್ ಠಾಣೆ: ಗಂಡ ಅಥವಾ ಅವನ ಮನೆಯವರ ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 85. ಮೊದಲಿನ 498ಎ ಇದೇ. ಕೋರ್ಟಿನ ರಕ್ಷಣಾ ಆದೇಶ ಮೀರಿದ್ರೆ 1 ವರ್ಷದವರೆಗೆ ಜೈಲು ಅಥವಾ 20,000 ರೂ.ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಮಗುವನ್ನ ಬಚ್ಚಿಟ್ಟು ಎಲ್ಲಿದೆ ಅಂತಲೂ ಹೇಳದಿದ್ರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೂ ದಾರಿ ಇದೆ. ಬೆಂಗಳೂರು, ಧಾರವಾಡ, ಕಲಬುರಗಿಯಲ್ಲಿ ಪೀಠಗಳಿವೆ.

2005ರ ಕಾಯ್ದೆ ಇರೋದು ಹೆಣ್ಣುಮಕ್ಕಳಿಗಾಗಿ. ಹಿಂಸೆ ಅನುಭವಿಸ್ತಿರೋ ತಂದೆಯಾದ್ರೆ ಮಗುವಿಗಾಗಿ 1890ರ ಕಾಯ್ದೆಯಡಿ ಅರ್ಜಿ ಹಾಕಬಹುದು.

ಅಂಗಡಿಯವರು, ಅಕ್ಕಪಕ್ಕದವರು ಏನು ಮಾಡಬಹುದು?

ಪಕ್ಕದ ಮನೆಯ ಗಲಾಟೆ ನಮಗ್ಯಾಕೆ ಅಂತ ಸುಮ್ಮನಿರೋರೇ ಜಾಸ್ತಿ. ಆದ್ರೆ ಈ ಕಾಯ್ದೆಯ ಸೆಕ್ಷನ್ 4 ಪ್ರಕಾರ ಯಾರು ಬೇಕಾದ್ರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೇ ಉದ್ದೇಶದಿಂದ ಕೊಟ್ಟವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಜೆರಾಕ್ಸ್ ಅಂಗಡಿಗೆ ಮಕ್ಕಳ ದಾಖಲೆ ಹಿಡ್ಕೊಂಡು ಬಂದ ಅಕ್ಕನ ವಿಷಯ ಅವರ ಮನೆಯವರಿಗೆ ಹೇಳದಿದ್ರೆ ಅದೇ ದೊಡ್ಡ ಸಹಾಯ. ಫೋನ್ ಮಾಡ್ಕೊಳ್ತೀನಿ ಅಂದ್ರೆ ಕೊಡಿ.

ಕೊನೆಗೆ ಒಂದು ಎಚ್ಚರಿಕೆ. ತಂದೆ ಮಗುವನ್ನ ನೋಡಬಹುದು ಅಂತ ಕೋರ್ಟ್ ಹೇಳಿದ್ರೆ ಆ ದಿನ ತಪ್ಪಿಸಬೇಡಿ. ಭಯ ಇದ್ರೆ ಕೋರ್ಟ್ ಆವರಣದಲ್ಲೇ ಭೇಟಿ ಆಗಲಿ ಅಂತ ಅರ್ಜಿ ಕೊಡಿ. ಆದೇಶ ಮೀರಿದ್ರೆ ಇಷ್ಟು ದಿನ ಪಟ್ಟ ಕಷ್ಟಕ್ಕೆ ನೀವೇ ಕಲ್ಲು ಹಾಕಿಕೊಂಡ ಹಾಗೆ.

ಬರೆದಿಟ್ಕೊಳ್ಳಿ: ತುರ್ತು ಪೊಲೀಸ್ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವು 15100. ಗಂಡ ಫೋನ್ ಚೆಕ್ ಮಾಡೋನಾದ್ರೆ ನಂಬರ್‌ಗಳನ್ನ ಮೊಬೈಲಲ್ಲಿ ಸೇವ್ ಮಾಡದೆ ಬಾಯಿಪಾಠ ಮಾಡ್ಕೊಳ್ಳಿ, ಕರೆ ಮಾಡಿದ ಮೇಲೆ ಲಿಸ್ಟಿಂದ ಅಳಿಸಿ.