ಹೋಟೆಲಿನ ಹೆಸರು ಹೊತ್ತ ಆಟ

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ, ಒಂದು ರಾತ್ರಿ ಊಟವಾದ ಮೇಲೂ ಅಳಿಯಂದಿರು ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ವಿಚಾರಿಸಿದರೆ, "ಮಾವ, ನನ್ನ ಪಿಚರ್‌ಗೆ ಮೊಣಕೈ ನೋವು. ಬೆಳಗಾಗುವುದರೊಳಗೆ ಬೇರೆಯವನನ್ನು ಹಾಕಿಕೊಳ್ಳಬೇಕು" ಎಂದರು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಆ ಆಟಗಾರನಿಗೆ ಇವರು ಯಾರೆಂಬುದೇ ತಿಳಿಯದು! ಹತ್ತು ಮಂದಿ ಗೆಳೆಯರು ನಿಜವಾದ ಆಟಗಾರರನ್ನು ಕಾಗದದ ಮೇಲೆ ಹರಾಜಿನಲ್ಲಿ ಕೊಂಡು, ಅವರು ಮೈದಾನದಲ್ಲಿ ಗಳಿಸುವ ಅಂಕಿಗಳಿಂದ ತಮ್ಮೊಳಗೆ ಸೋಲು ಗೆಲುವು ನಿರ್ಣಯಿಸಿಕೊಳ್ಳುವ ಆಟವಂತೆ. ಫ್ಯಾಂಟಸಿ ಬೇಸ್‌ಬಾಲ್ ಎಂದು ಹೆಸರು. ಹುಚ್ಚು ಎನಿಸಿತು. ಆದರೆ ಇದರ ಚರಿತ್ರೆಯನ್ನು ಕೆದಕಿದಾಗ ಮೇಷ್ಟರೊಬ್ಬರು ಎದುರಾದರು. ನನ್ನ ತಾತ್ಸಾರ ಅಲ್ಲಿಗೆ ಕರಗಿತು.

1960ರಲ್ಲಿ ಹಾರ್ವರ್ಡ್‌ನಲ್ಲಿದ್ದ ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ ತಮ್ಮ ಸಹೋದ್ಯೋಗಿಗಳೊಡನೆ ಇಂಥದೊಂದು ಆಟ ಆರಂಭಿಸಿದರು. ತಲೆಗೆ ಹತ್ತು ಡಾಲರ್ ಪಣ; ಆಟಗಾರರನ್ನು ಕೊಳ್ಳಲು ಒಂದು ಲಕ್ಷ ಡಾಲರಿನ ಕಾಲ್ಪನಿಕ ಹಣ. ಜೂಜೆಂಬ ಅಪವಾದ ಬಾರದಿರಲೆಂದು ಇಟ್ಟ ಹೆಸರು 'ಬೇಸ್‌ಬಾಲ್ ಸೆಮಿನಾರ್'. (ನಮ್ಮ ಸ್ಟಾಫ್ ರೂಮಿನ ಇಸ್ಪೀಟಿಗೆ ಇಂಥ ಹೆಸರು ನಮಗೇಕೆ ಹೊಳೆಯಲಿಲ್ಲವೋ!) ಗ್ಯಾಮ್ಸನ್ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಆಟವೂ ಅವರೊಡನೆ ಹೋಯಿತು. ಅಲ್ಲಿ ಅದನ್ನು ಆಡಿದವರಲ್ಲಿ ರಾಬರ್ಟ್ ಸ್ಕ್ಲಾರ್ ಎಂಬ ಪ್ರಾಧ್ಯಾಪಕರೂ ಒಬ್ಬರು. ಅವರು ಅದರ ಸಂಗತಿಯನ್ನು ತಮ್ಮ ವಿದ್ಯಾರ್ಥಿ ಡೇನಿಯಲ್ ಓಕ್ರೆಂಟ್‌ಗೆ ಹೇಳಿದರು. ತರಗತಿಯಲ್ಲಿ ಹೇಳಿದ್ದು ಎಷ್ಟು ಉಳಿಯಿತೋ, ಈ ಹರಟೆಯಂತೂ ಶಿಷ್ಯನ ತಲೆಯಲ್ಲಿ ಉಳಿಯಿತು.

1979ರ ಕೊನೆಯಲ್ಲಿ ಟೆಕ್ಸಾಸಿಗೆ ಹೊರಟ ವಿಮಾನದಲ್ಲಿ ಕುಳಿತು ಓಕ್ರೆಂಟ್ ಹೊಸ ನಿಯಮಗಳನ್ನು ಬರೆದರು. ಅಲ್ಲಿನ ಗೆಳೆಯರಿಗೆ ಅದು ರುಚಿಸಲಿಲ್ಲ. ನ್ಯೂಯಾರ್ಕಿನ ಗೆಳೆಯರು ಒಪ್ಪಿದರು. ಅವರು ಊಟಕ್ಕೆ ಸೇರುತ್ತಿದ್ದ ಹೋಟೆಲು 'ಲಾ ರೋಟಿಸರಿ ಫ್ರಾನ್ಸೇಸ್'. ಆದ್ದರಿಂದಲೇ ಆಟಕ್ಕೆ ರೋಟಿಸರಿ ಲೀಗ್ ಎಂಬ ಹೆಸರು. 1980ರ ವಸಂತದಲ್ಲಿ ಮೊದಲ ಹರಾಜು ನಡೆಯಿತು. ಶಿಷ್ಯನ ಆ ಲೀಗಿನಲ್ಲಿ ಗುರು ಸ್ಕ್ಲಾರ್ ಕೂಡ ಒಂದು ತಂಡದ ಒಡೆಯರು.

ತಂಡ ನಡೆಸುವುದು ಸಂಸಾರ ತೂಗಿಸುವಂತೆಯೇ. ಮುಂದೆ ರೂಢಿಗೆ ಬಂದ ನಿಯಮದಂತೆ 260 ಡಾಲರಿನಲ್ಲಿ 23 ಆಟಗಾರರನ್ನು ಕೊಳ್ಳಬೇಕು. ಒಬ್ಬ ಪ್ರಸಿದ್ಧನಿಗೇ 40 ಡಾಲರ್ ಸುರಿದರೆ, ಕೊನೆಗೆ ಒಂದೊಂದು ಡಾಲರಿನವರನ್ನು ಹುಡುಕುತ್ತ ಕೂರಬೇಕು. ಹೋಮ್ ರನ್, ಬ್ಯಾಟಿಂಗ್ ಸರಾಸರಿ, ಪಿಚರ್ ಗಳಿಸುವ ಗೆಲುವು, ಹೀಗೆ ಮೊದಲಿಗೆ ಎಂಟು ಲೆಕ್ಕಗಳಿದ್ದವು. ಒಂದೊಂದರಲ್ಲೂ ಬೇರೆ ಬೇರೆ ಸ್ಥಾನ. ಹೋಮ್ ರನ್‌ನಲ್ಲಿ ಮೊದಲಿಗರಾಗಿ ಉಳಿದವುಗಳಲ್ಲಿ ಹಿಂದೆ ಬಿದ್ದರೆ ಪ್ರಯೋಜನವಿಲ್ಲ. ಇದಕ್ಕಿಂತ ದೊಡ್ಡ ಪೇಚೊಂದಿದೆ. ಚಿಕ್ಕಂದಿನಿಂದ ಪ್ರೀತಿಸಿದ ತಂಡದ ವಿರುದ್ಧ ನೀವು ಕೊಂಡ ಪಿಚರ್ ಚೆಂಡೆಸೆಯಲು ನಿಂತಾಗ ಯಾರ ಗೆಲುವನ್ನು ಬಯಸುವಿರಿ? ಊರಿನ ಅಭಿಮಾನ ಇಲ್ಲಿ ಎರಡು ಹೋಳಾಗುತ್ತದೆ. ಇದನ್ನು ನಾನು ಪೂರ್ತಿ ಒಪ್ಪಲಾರೆ.

1981ರ ಬೇಸಿಗೆಯಲ್ಲಿ ಆಟಗಾರರು ಮುಷ್ಕರ ಹೂಡಿದರು. ಪಂದ್ಯಗಳಿಲ್ಲದೆ ಬರಿಗೈಯಾದ ಕ್ರೀಡಾ ವರದಿಗಾರರು ಈ ಹೊಸ ಆಟದ ಬಗ್ಗೆ ಬರೆದರು. ಅದು ದೇಶವೆಲ್ಲ ಹಬ್ಬಿತು. ಮುಂದೆ ಇದೇ ದೊಡ್ಡ ಉದ್ಯಮವಾದಾಗ, ಆಟಗಾರರ ಹೆಸರು ಮತ್ತು ಅಂಕಿಅಂಶಗಳು ಯಾರ ಸೊತ್ತು ಎಂಬ ವ್ಯಾಜ್ಯವೂ ಹುಟ್ಟಿತು. ಇಂಥ ಆಟಗಳಲ್ಲಿ ಅವುಗಳನ್ನು ಪರವಾನಗಿಯಿಲ್ಲದೆ ಬಳಸಬಹುದೆಂದು 2007ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಓಕ್ರೆಂಟ್‌ಗೆ ಇದರಿಂದ ಸಿರಿತನವೇನೂ ಬರಲಿಲ್ಲ. ತಾವೇ ಹುಟ್ಟುಹಾಕಿದ ಲೀಗಿನಲ್ಲಿ ಒಮ್ಮೆಯೂ ಗೆಲ್ಲಲಿಲ್ಲವೆಂಬುದು ಇನ್ನೊಂದು ತಮಾಷೆ.

ಅಂದು ಅಳಿಯಂದಿರು ಮಲಗಿದಾಗ ಮಧ್ಯರಾತ್ರಿ ಮೀರಿತ್ತು. ಅವರ ಹತ್ತು ಗೆಳೆಯರಲ್ಲಿ ಆರು ಮಂದಿ ಆಗಲೇ ಬೇರೆ ಬೇರೆ ಊರು ಸೇರಿದ್ದರು. ವಾರಕ್ಕೊಮ್ಮೆ ಮಾತು ಉಳಿದಿದ್ದದ್ದು ಈ ಆಟದಿಂದಲೇ. ಬೆಳಿಗ್ಗೆ ಕಾಫಿ ಕುಡಿಯುತ್ತ ಪಿಚರ್‌ನ ಗತಿ ಏನಾಯಿತೆಂದು ಕೇಳಿದೆ.

"ತೆಗೆಯಲಿಲ್ಲ ಮಾವ. ಮೂರು ವರ್ಷದಿಂದ ನನ್ನ ತಂಡದಲ್ಲೇ ಇದ್ದಾನೆ" ಎಂದರು.