ಲೆವಿ ಭತ್ತದಿಂದ ಬೆಂಬಲ ಬೆಲೆಯವರೆಗೆ

ಈ ಶಾಲೆಯಲ್ಲಿ ಓದುವಾಗ ಇತಿಹಾಸವೆಂದರೆ ನನಗೆ ಹೊಳೆಯಾಚೆಯ ತಲಕಾಡಿನ ಗಂಗರು. ನಮ್ಮ ಮನೆಯ ಅಟ್ಟದಲ್ಲೂ ಇತಿಹಾಸವಿದೆ ಎಂದು ತಿಳಿದದ್ದು ತಾತನಿಂದ.

1970ರ ದಶಕದಲ್ಲಿ ರೈತರು ಬೆಳೆದ ಭತ್ತದಲ್ಲಿ ಒಂದು ಪಾಲನ್ನು ಸರ್ಕಾರ ಗೊತ್ತುಮಾಡಿದ ದರಕ್ಕೆ ಲೆವಿ ಕೊಡಬೇಕಿತ್ತು. ಪೇಟೆಯ ದರ ಅದಕ್ಕಿಂತ ಹೆಚ್ಚು. "ಗದ್ದೆ ನಂದು, ಬೆವರು ನಂದು, ಬೆಲೆ ಮಾತ್ರ ಅವರ್ದು" ಎನ್ನುತ್ತಿದ್ದ ತಾತ, ಅಟ್ಟದಲ್ಲಿ ಹುಲ್ಲಿನಡಿ ಮೂಟೆ ಬಚ್ಚಿಟ್ಟದ್ದನ್ನು ಹೇಳಿ ನಗುತ್ತಿದ್ದರು.

ನನ್ನ ತಾಯಿಯ ತಾಯಿ ನಗುತ್ತಿರಲಿಲ್ಲ. ಅವರದು ಕೂಲಿ ಜೀವನ. "ನಿಮ್ಮ ತಾತ ಬಚ್ಚಿಟ್ರಲ್ಲ, ಅದೇ ಕಣಪ್ಪ ನಮ್ಮ ಸೊಸೈಟಿಗೆ ಬರಬೇಕಿದ್ದ ಅಕ್ಕಿ" ಎಂದಿದ್ದರು ಒಮ್ಮೆ. ಇಬ್ಬರ ಮಾತೂ ನಿಜ.

ಈ ಜಗಳ ದೇಶದ್ದೂ ಹೌದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದ ಆಹಾರ ನಿಯಂತ್ರಣ ಕಾಳಸಂತೆಯನ್ನು ಬೆಳೆಸುತ್ತದೆ, ಅದನ್ನು ತೆಗೆಯಿರಿ ಎಂದು ಗಾಂಧೀಜಿ 1947ರಲ್ಲಿ ಒತ್ತಾಯಿಸಿದರು. ಆ ಡಿಸೆಂಬರಿನಲ್ಲಿ ಸರ್ಕಾರ ಸಡಿಲಿಸತೊಡಗಿತು. ಆದರೆ ದೇಶದಲ್ಲಿ ಧಾನ್ಯವೇ ಸಾಲದಾಗಿತ್ತು. ಬೆಲೆ ಏರಿತು, 1948ರಲ್ಲಿ ನಿಯಂತ್ರಣ ಮರಳಿತು. 1952ರಲ್ಲಿ ಆಹಾರ ಸಚಿವರಾದ ರಫಿ ಅಹಮದ್ ಕಿದ್ವಾಯಿ ಅದನ್ನೇ ಹಂತಹಂತವಾಗಿ ಮಾಡಿದರು. ಮಳೆ ಬೆಳೆ ಕೈಹಿಡಿದವು. 1954ರ ಹೊತ್ತಿಗೆ ಅಕ್ಕಿಯ ನಿಯಂತ್ರಣವೂ ಹೋಯಿತು. ಮಾಡಿದ ಕೆಲಸ ಒಂದೇ, ಕಣಜ ಮಾತ್ರ ಬೇರೆ. ಮುಂದೆ ಬರಗಾಲ ಬಂದಾಗ ನಿಯಂತ್ರಣಗಳೂ ಬಂದವು. 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು.

ಅಕ್ಕಿ ಗಿರಣಿಗಳ ಮೇಲೆ ಉಳಿದಿದ್ದ ಲೆವಿ 2015ರ ಅಕ್ಟೋಬರ್ 1ರಿಂದ ರದ್ದಾಯಿತು. ಅದನ್ನು ನೋಡಲು ತಾತ ಇರಲಿಲ್ಲ. ಇದ್ದಿದ್ದರೆ ಇನ್ನೊಂದನ್ನೂ ನೋಡುತ್ತಿದ್ದರು. ಸುಗ್ಗಿಯಲ್ಲಿ ಪೇಟೆಯ ದರ ಕುಸಿದಾಗ ಈಗ ನಮ್ಮೂರ ರೈತರೇ "ಖರೀದಿ ಕೇಂದ್ರ ಬೇಗ ತೆರೆಯಿರಿ" ಎಂದು ಕೇಳುತ್ತಾರೆ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 2,300 ರೂಪಾಯಿ. ಅಂದು ಸರ್ಕಾರದ ದರ ಬೇಡವೆಂದು ಬಚ್ಚಿಟ್ಟ ಭತ್ತವನ್ನೇ ಇಂದು ಸರ್ಕಾರದ ದರಕ್ಕೆ ಕೊಡಲು ಸಾಲು ನಿಲ್ಲುತ್ತೇವೆ.

ಬೆಂಗಳೂರಿನ ನನ್ನ ಸಾಫ್ಟ್‌ವೇರ್ ಗೆಳೆಯರು "ಎಲ್ಲವನ್ನೂ ಮಾರುಕಟ್ಟೆಗೆ ಬಿಡಬೇಕು" ಎನ್ನುವಾಗ ನನಗೆ ತಾತನ ಅಟ್ಟ ನೆನಪಾಗುತ್ತದೆ, ಜೊತೆಗೇ ಅಜ್ಜಿಯ ರೇಷನ್ ಚೀಲವೂ. ನಿಯಂತ್ರಣ ತೆಗೆಯುವ ಮುನ್ನ ಎರಡು ಪ್ರಶ್ನೆ ಕೇಳಬೇಕು: ಕಣಜ ತುಂಬಿದೆಯೇ? ಗದ್ದೆಯಿಲ್ಲದವರ ಮನೆಯಲ್ಲಿ ಒಲೆ ಉರಿಯುತ್ತದೆಯೇ?

ಈಗ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ನಿಮ್ಮ ಮನೆಯ ಹಿರಿಯರಿಗೂ ಇಂಥ ಕಥೆಗಳು ಗೊತ್ತಿರುತ್ತವೆ. ಕೇಳಿ ಬರೆದಿಡಿ. ನಮ್ಮ ಊರಿನ ಇತಿಹಾಸ ಅಲ್ಲಿಯೂ ಇದೆ.