ಮಾಗಿಯ ಮಂಜು, ಮುಂಗಾರಿನ ಲೆಕ್ಕ

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಉತ್ತರಾಭಿಮುಖವಾಗಿ ಹರಿಯತೊಡಗಿದ ಮೇಲೆ ಮಲೆನಾಡು ಕ್ರಮೇಣ ಹಿಂದಾಗಿ, ನ್ಯಾಮತಿ ಹೊನ್ನಾಳಿಗಳ ನದೀತೀರದ ಬಯಲು ತೆರೆದುಕೊಳ್ಳುವುದು. ಅದರ ಪೂರ್ವಕ್ಕೆ, ಚನ್ನಗಿರಿಯ ಗುಡ್ಡಗಳ ನಡುವೆ, ಹರಿದ್ರಾ ಹೊಳೆಗೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ಸೂಳೆಕೆರೆಯ ವಿಶಾಲ ಜಲರಾಶಿ ಕಾಣುವುದು. ಅಲ್ಲಿಂದ ಈಶಾನ್ಯಕ್ಕೆ ಸರಿದಂತೆ ಮಳೆ ವಿರಳವಾಗುತ್ತ ಜಗಳೂರಿನ ಒಣನೆಲ ಎದುರಾಗುವುದು. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಶಿವಮೊಗ್ಗದಿಂದ ಚನ್ನಗಿರಿ ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಸೇರಿದವು. ನ್ಯಾಮತಿಯು ಅನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾಯಿತು. ಆಡಳಿತವೇನೋ ಒಂದಾಯಿತು, ಆಕಾಶ ಒಂದಾಗಲಿಲ್ಲ. ಆ ಭೇದವು ಸ್ಫುಟವಾಗಿ ಗೋಚರಿಸುವುದು ಮಳೆಗಾಲಕ್ಕಿಂತಲೂ ಮಾಗಿಯ ಮುಂಜಾನೆಗಳಲ್ಲಿ.

ಒಳನಾಡಿನ ಮಂಜು ಸಮುದ್ರದಿಂದ ತೇಲಿಬರುವುದಲ್ಲ, ಇದ್ದೆಡೆಯಲ್ಲಿಯೇ ಹುಟ್ಟತಕ್ಕದ್ದು. ಮಾರ್ಗಶಿರದಿಂದ ಮಾಘದವರೆಗಿನ ದೀರ್ಘರಾತ್ರಿಗಳಲ್ಲಿ, ಆಕಾಶ ನಿರಭ್ರವಾಗಿದ್ದು ಗಾಳಿ ಅಡಗಿದ್ದರೆ, ಹಗಲೆಲ್ಲ ಹೀರಿದ ಶಾಖವನ್ನು ನೆಲವು ಬಿಟ್ಟುಕೊಟ್ಟು ತಣಿಯುವುದು. ನೆಲಕ್ಕೆ ತಾಗಿದ ಗಾಳಿ ಇಬ್ಬನಿಬಿಂದುವಿಗೆ ಇಳಿದಾಗ ಅದರೊಳಗಿನ ಆವಿಯು ಮೊದಲು ಹುಲ್ಲಿನ ಮೇಲೆ ಇಬ್ಬನಿಯಾಗಿ, ತಂಪು ಇನ್ನಷ್ಟು ಮೇಲಕ್ಕೆ ಹಬ್ಬಿದರೆ ಮಂಜಾಗಿ ನಿಲ್ಲುವುದು. ಇಬ್ಬನಿಯ ಈ ಮರ್ಮವನ್ನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸನು 1814ರ ತನ್ನ ಪ್ರಬಂಧದಲ್ಲಿ ಪ್ರಯೋಗಪೂರ್ವಕವಾಗಿ ವಿಶದಪಡಿಸಿದನು. ತಂಪಾದ ಗಾಳಿ ಭಾರವಾದುದರಿಂದ ಇಳಿಜಾರನ್ನು ಹಿಡಿದು ತಗ್ಗಿಗೆ ಜಾರುವುದು. ಆದಕಾರಣ ಹೊಳೆಯ ದಡ, ಕೆರೆಯಂಗಳ, ಅಡಕೆತೋಟದ ಕಣಿವೆಗಳಲ್ಲಿ ಮಂಜು ದಟ್ಟೈಸಿರುವಾಗಲೇ ಅನತಿದೂರದ ದಿಣ್ಣೆಯ ಮೇಲೆ ಎಳೆಬಿಸಿಲು ಹರಡಿರುವುದುಂಟು.

ನಮ್ಮ ಪೂರ್ವಿಕರು ಮಂಜು ಎಂದು ಬೀಳುವುದೆಂದು ಅರಿಯಲು ಹವಣಿಸಲಿಲ್ಲ. ಬಿದ್ದ ಮಂಜಿನಿಂದ ಬರಲಿರುವ ಮಳೆಯನ್ನು ಅರಿಯಲು ಹವಣಿಸಿದರು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೇಘಗರ್ಭದ ಲಕ್ಷಣಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಮಾರ್ಗಶಿರ ಶುಕ್ಲಪಕ್ಷದಲ್ಲಿ ಚಂದ್ರನು ಪೂರ್ವಾಷಾಢೆಯನ್ನು ಸೇರಿದಂದಿನಿಂದ ಆಕಾಶವನ್ನು ಪರೀಕ್ಷಿಸತಕ್ಕದ್ದೆಂದೂ, ಗರ್ಭ ನಿಂತ 195 ದಿನಗಳಿಗೆ ಮಳೆಯಾಗಿ ಅದರ ಪ್ರಸವವೆಂದೂ, ಶುಕ್ಲಪಕ್ಷದಲ್ಲಿ ನಿಂತದ್ದು ಕೃಷ್ಣಪಕ್ಷದಲ್ಲಿಯೂ ಹಗಲಿನಲ್ಲಿ ನಿಂತದ್ದು ಇರುಳಿನಲ್ಲಿಯೂ ಸುರಿಯುವುದೆಂದೂ ಅಲ್ಲಿನ ನಿಯಮ. ಪುಷ್ಯದಲ್ಲಿ ಹಿಮಪಾತ ಅತಿಯಾಗಬಾರದು. ಮಾಘದಲ್ಲಾದರೋ ತುಷಾರದಿಂದ ಸೂರ್ಯಚಂದ್ರರ ಕಾಂತಿ ಮಸುಳಿದರೆ ಶುಭಸೂಚನೆ. ಈ ಲೆಕ್ಕದಂತೆ ಡಿಸೆಂಬರ್ 1ರಂದು ಕಟ್ಟಿದ ಗರ್ಭಕ್ಕೆ ಜೂನ್ 14ರ ಸುಮಾರಿಗೆ, ಎಂದರೆ ಮುಂಗಾರು ನೆಲೆಗೊಳ್ಳುವ ಸಮಯಕ್ಕೆ, ಮಳೆ ಕೂಡಿಬರುವುದು. ಕನ್ನಡದಲ್ಲಿ ಈ ಬಗೆಯ ವಿದ್ಯೆಗೆ ಪ್ರತ್ಯೇಕ ಗ್ರಂಥವನ್ನು ರಚಿಸಿದವನು ಸುಮಾರು 1300ರಲ್ಲಿದ್ದ ಜೈನನಾದ ರಟ್ಟಕವಿ. ಮಳೆ, ಮಿಂಚು, ಭೂಕಂಪ, ಗ್ರಹಚಾರ, ಶಕುನಗಳನ್ನು ನಿರೂಪಿಸುವ ಅವನ ‘ರಟ್ಟಮತ’ವು ಮುಂದಿನ ಶತಮಾನದಲ್ಲಿ ತೆಲುಗಿಗೂ ಇಳಿಯಿತು.

ಇಂದಿನ ಹವಾಶಾಸ್ತ್ರ ಈ ಸೂತ್ರವನ್ನು ಒಪ್ಪತಕ್ಕದ್ದಲ್ಲ. ಜೂನಿನ ಮಳೆ ಅರಬ್ಬೀ ಸಮುದ್ರದ ಮೇಲಿಂದ ಬೀಸುವ ನೈಋತ್ಯ ಮಾರುತದ ಫಲವೇ ಹೊರತು ಹೊನ್ನಾಳಿಯ ಮಾಗಿಯ ಮಂಜಿನ ಫಲವಲ್ಲ. ಆದರೂ ಸಿದ್ಧಾಂತ ಸುಳ್ಳಾದ ಮಾತ್ರಕ್ಕೆ ಅದು ಬೆಳೆಸಿದ ಅಭ್ಯಾಸ ವ್ಯರ್ಥವೆನ್ನಲಾಗದು. ಮಳೆಯಿಲ್ಲದ ಮೂರು ತಿಂಗಳ ಪ್ರತಿಯೊಂದು ಬೆಳಗನ್ನೂ ತಿಥಿನಕ್ಷತ್ರಗಳೊಡನೆ ಗುರುತಿಟ್ಟುಕೊಳ್ಳುವುದಕ್ಕೆ ಅದೊಂದು ಕಾರಣವನ್ನು ಒದಗಿಸಿತು.

ಹೊಲದಲ್ಲಿ ದುಡಿಯುವವರಿಗೆ ಮಂಜು ಕೇವಲ ಶಕುನವಾಗಿರಲಿಲ್ಲ. ಹಿಂಗಾರಿ ಜೋಳವೂ ಕಡಲೆಯೂ ನೆಲದಲ್ಲಿ ಉಳಿದ ಹಸಿಯ ಮೇಲೆ ಬೆಳೆಯುವ ಪೈರುಗಳಾದುದರಿಂದ ರಾತ್ರಿಯ ತೇವ ಅವಕ್ಕೆ ಆಸರೆಯೆಂದು ರೈತರು ಬಗೆದರು. ಅವರೆಯ ಸೊಗಡೂ ಮಂಜಿನಿಂದಲೇ ಬರುವುದೆಂದು ನಂಬಿದರು. ಕಡಲೆಯ ಎಲೆಗಳು ಸೂಸುವ ಹುಳಿರಸವು ಇಬ್ಬನಿಯಲ್ಲಿ ಕರಗಿರುವಾಗ ಗಿಡಗಳ ಮೇಲೆ ಬಟ್ಟೆಯನ್ನು ಹಾಸಿ, ನೆನೆದ ಬಟ್ಟೆಯನ್ನು ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿನ ಮದ್ದಾಗಿ ಕಾಪಿಡುವ ಪದ್ಧತಿ ಕರಿಮಣ್ಣಿನ ಸೀಮೆಯಲ್ಲಿತ್ತು. ಮಾಗಿ ಮುಗಿಯುವ ಹೊತ್ತಿಗೆ ಮೈಲಾರದ ಜಾತ್ರೆ. ಭರತಹುಣ್ಣಿಮೆಯ ತರುವಾಯ ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ವಾಕ್ಯದ ಕಾರಣಿಕವನ್ನು ಕೇಳಿ, ಅದರಲ್ಲಿ ಬರುವ ವರ್ಷದ ಮಳೆಬೆಳೆಗಳನ್ನು ಅರ್ಥೈಸುವ ವಾಡಿಕೆ ಇಂದಿಗೂ ನಿಂತಿಲ್ಲ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಲೆಕ್ಕದ ರೀತಿಯೇ ಬದಲಾಯಿತು. 1875ರಲ್ಲಿ ಭಾರತ ಸರ್ಕಾರದ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಆ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಅವರ ನೇತೃತ್ವದಲ್ಲಿ ಮೈಸೂರು ಸಂಸ್ಥಾನವು ತನ್ನದೇ ವ್ಯವಸ್ಥೆಯನ್ನು ರೂಪಿಸಿಕೊಂಡು ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳನ್ನು ತೆರೆಯಿತು. ತಾಲ್ಲೂಕು ಕಚೇರಿಯ ಅಂಗಳದಲ್ಲಿ ಮಳೆಮಾಪಕ ನಿಂತು, ಬೆಳಿಗ್ಗೆ ಅದನ್ನು ನೋಡಿ ಇಂಚು ಸೆಂಟುಗಳಲ್ಲಿ ವಹಿಗೇರಿಸುವುದು ಗುಮಾಸ್ತನ ಕರ್ತವ್ಯವಾಯಿತು. ಕ್ಷಾಮದ ಭೀತಿಯಿದ್ದ ನಾಡಿಗೆ ಇದರಿಂದಾದ ಉಪಕಾರ ಅಪಾರವೆನ್ನುವುದರಲ್ಲಿ ಸಂದೇಹವಿಲ್ಲ. ಆದರೆ 2.5 ಮಿಲಿಮೀಟರಿಗೆ ಕಡಿಮೆ ಬಿದ್ದ ದಿನ ಮಳೆಯ ದಿನವೆಂದು ಗಣನೆಗೆ ಬಾರದು. ಇಬ್ಬನಿಯೂ ಮಂಜೂ ಆ ಪಾತ್ರೆಯಲ್ಲಿ ಅಳೆಯುವಷ್ಟು ನಿಲ್ಲವು. ಹೀಗಾಗಿ ಗರ್ಭಲಕ್ಷಣದವರು ಅತ್ಯಂತ ಎಚ್ಚರದಿಂದ ನೋಡಿದ ತಿಂಗಳುಗಳೇ ಮಳೆಯ ವಹಿಯಲ್ಲಿ ಸೊನ್ನೆಗಳ ಸಾಲಾದವು.

ಆ ಸೊನ್ನೆಗಳ ಕಾಲಕ್ಕೆ ಮತ್ತೆ ಬೆಲೆ ಬಂದದ್ದು ನೀರಾವರಿಯಿಂದ. ಲಕ್ಕವಳ್ಳಿಯಲ್ಲಿ ಕಟ್ಟಿದ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡು, ಅದರ ನಾಲೆಗಳು ಚನ್ನಗಿರಿ ಹೊನ್ನಾಳಿಗಳ ಕಡೆಗೆ ಹರಿದ ಮೇಲೆ, ಸುಗ್ಗಿಯ ನಂತರ ಒಣಗುತ್ತಿದ್ದ ಗದ್ದೆಗಳಲ್ಲಿ ಬೇಸಿಗೆ ಭತ್ತದ ಸಸಿಮಡಿಗಳೆದ್ದವು. ತೇವವುಳ್ಳ ನೆಲ, ಶಾಂತವಾದ ಗಾಳಿ, ತಂಪಾದ ಇರುಳು: ಮಂಜಿಗೆ ಬೇಕಾದ ಈ ಮೂರರಲ್ಲಿ ಮೊದಲನೆಯದನ್ನು ಮನುಷ್ಯನೇ ಒದಗಿಸಿದಂತಾಯಿತು. ಎಲೆ ಬಹುಹೊತ್ತು ಒದ್ದೆಯಾಗಿದ್ದರೆ ಭತ್ತಕ್ಕೆ ಬೆಂಕಿರೋಗ ತಗಲುವುದು. ಹಾಗೆಯೇ ಜಗಳೂರಿನ ಕಡೆಯ ಈರುಳ್ಳಿಗೆ ನೇರಳೆ ಮಚ್ಚೆ ಬೀಳುವುದು, ತೊಗರಿಯ ಹೂ ಉದುರುವುದು, ಮಾವಿನ ಹೂಗೊಂಚಲಿಗೆ ಬೂದಿರೋಗ ಹತ್ತುವುದು. ಬೇಯಿಸಿದ ಅಡಕೆಯನ್ನು ಅಂಗಳದಲ್ಲಿ ಹರವಿದವನಿಗೆ ಮಂಜು ಎಷ್ಟು ಗಂಟೆಗೆ ಹರಿಯುವುದೆಂಬುದೇ ಆ ದಿನದ ಮುಖ್ಯ ಪ್ರಶ್ನೆ. ಹಿಂದೆ ಮುಂದನ್ನು ಸೂಚಿಸುತ್ತಿದ್ದ ಮಂಜನ್ನು ಈಗ ಮುಂದಾಗಿ ಸೂಚಿಸಬೇಕಾಗಿದೆ.

ಇದಕ್ಕೆ ಇಂದು ಸಾಧನಗಳಿಲ್ಲದಿಲ್ಲ. 1988ರಲ್ಲಿ ರಾಜ್ಯವು ಆರಂಭಿಸಿದ ಬರ ಉಸ್ತುವಾರಿ ಕೋಶವು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು ಗ್ರಾಮ ಪಂಚಾಯಿತಿಗಳವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ; ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಉಷ್ಣತೆ, ಆರ್ದ್ರತೆ, ಗಾಳಿಗಳ ಮುನ್ಸೂಚನೆಯೊಡನೆ ಕೃಷಿಸಲಹೆ ಜಿಲ್ಲೆಗೆ ತಲುಪುತ್ತದೆ. ಆದರೆ ಒಂದು ಡಿಗ್ರಿ ಉಷ್ಣತೆಯೋ ಕೊಂಚ ಗಾಳಿಯೋ ಹೆಚ್ಚಾದರೆ ಮಂಜಿನ ಮಾತು ಸುಳ್ಳಾಗುವುದು; ಇಡೀ ಜಿಲ್ಲೆಗೆ ಹೇಳಿದ ಒಂದು ವಾಕ್ಯ ಸೂಳೆಕೆರೆಯ ತಗ್ಗಿಗೂ ಜಗಳೂರಿನ ದಿಣ್ಣೆಗೂ ಸಮನಾಗಿ ಸಲ್ಲಲಾರದು. ಆದುದರಿಂದ ವರಾಹಮಿಹಿರನ ಸಿದ್ಧಾಂತವನ್ನು ಬಿಟ್ಟರೂ ಅವನು ವಿಧಿಸಿದ ಶಿಸ್ತನ್ನು ಬಿಡದಿರುವುದು ಯುಕ್ತ. ಮಂಜು ಎಂದು ಕವಿಯಿತು, ಎಷ್ಟು ದೂರ ಕಣ್ಣು ಹಾಯಿತು, ಎಲೆ ಯಾವ ಹೊತ್ತಿಗೆ ಒಣಗಿತು ಎಂಬ ಮೂರು ಸಂಗತಿಗಳನ್ನು ಹೋಬಳಿಗೊಂದು ಶಾಲೆಯ ಮಕ್ಕಳು ಚಳಿಗಾಲದುದ್ದಕ್ಕೂ ಬರೆದಿಟ್ಟರೆ, ಅಂಥ ಹತ್ತು ಚಳಿಗಾಲಗಳ ಬರಹವು ಯಂತ್ರದ ಮುನ್ಸೂಚನೆಯನ್ನು ಊರೂರಿಗೆ ತಿದ್ದಿಕೊಳ್ಳಲು ಆಧಾರವಾಗುವುದು. ಅಮಲ್ದಾರರ ಕಚೇರಿಯ ವಹಿ ಸೊನ್ನೆಯೆಂದು ಬಿಟ್ಟ ಅಂಕಣವೂ ಆಗ ತುಂಬುವುದು.